ಅಗ್ಗಿಷ್ಟಿಕೆಯ ಹಲಗೆಯಿಂದ ಗಿಟಾರು: ಮರ ಆರಿಸುವುದು, ದಂಡಿ ಕೆತ್ತುವುದು

ನಮ್ಮ ಈ ವಾರ್ತಾಪತ್ರಿಕೆಯಲ್ಲಿ ಸಾಧಾರಣವಾಗಿ ಕಾಂಡಕೊರಕ, ಕೊಳೆರೋಗ, ಬೋರ್ಡೋ ದ್ರಾವಣ, ನೆರಳಿನ ಹತೋಟಿ ಇವುಗಳೇ ವಿಷಯಗಳಾಗಿರುತ್ತವೆ. ಈ ಸಂಚಿಕೆಯಲ್ಲಿ ಮಾಮೂಲು ದಾರಿಯಿಂದ ಸ್ವಲ್ಪ ಪಕ್ಕಕ್ಕೆ ಸರಿದು, ಮನೆಯಲ್ಲಿಯೇ ಎಲೆಕ್ಟ್ರಿಕ್ ಗಿಟಾರು ತಯಾರಿಸುವ ವಿಚಾರವಾಗಿ, ಅದರಲ್ಲಿಯೂ ಮುಖ್ಯವಾಗಿ ಅದರ ಮರದ ಕೆಲಸದ ವಿಚಾರವಾಗಿ ಬರೆಯುತ್ತಿದ್ದೇನೆ. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ರಜೆಗೆ ಬಂದ ಮಕ್ಕಳು ಗಿಟಾರು ಬೇಕೆಂದು ಹಟ ಹಿಡಿದಾಗ, ಅಂಗಡಿಯ ಬೆಲೆ ಕೇಳಿ ದಿಗಿಲುಗೊಂಡ ಸದಸ್ಯರು ಕೆಲವರಾದರೂ ಇದ್ದಾರೆ. ಎರಡನೆಯದು ನಮ್ಮ ಹಿತಕ್ಕೆ ಇನ್ನೂ ಹತ್ತಿರದ್ದು. ಜಗತ್ತಿನ ಅಸಂಖ್ಯ ಗಿಟಾರುಗಳ ಮೇಲೆ ಬೆರಳು ಓಡಾಡುವ ಜಾಗದಲ್ಲಿ ಅಂಟಿಕೊಂಡಿರುವ ಮರ ನಮ್ಮ ತೋಟಗಳಲ್ಲಿ ನಿಂತಿರುವ ಬೀಟೆ. ಆ ಮರದ ಗುಣವೇನು, ಅದರ ಬೆಲೆ ಎಲ್ಲಿ ಅಡಗಿದೆ ಎಂಬುದನ್ನು ಗಿಟಾರು ಮಾಡುವವನ ಕಣ್ಣಿನಿಂದ ನೋಡಿದರೆ ನಮಗೇ ಲಾಭ.

ವಾದ್ಯದ ರಚನೆ

ವೀಣೆ ಅಥವಾ ತಂಬೂರಿಯಲ್ಲಿ ತಂತಿಯ ಕಂಪನವನ್ನು ದೊಡ್ಡದು ಮಾಡುವುದು ಟೊಳ್ಳಾದ ಬುರುಡೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಆ ಕೆಲಸವನ್ನು ವಿದ್ಯುತ್ತು ಮಾಡುತ್ತದೆ. ತಂತಿಗಳು ಉಕ್ಕಿನವು. ಅವುಗಳ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಇದಕ್ಕೆ ಪಿಕಪ್ ಎಂದು ಹೆಸರು. ಅಯಸ್ಕಾಂತದ ಎದುರು ಉಕ್ಕಿನ ತಂತಿ ಅಲುಗಾಡಿದಾಗ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಸೈಕಲ್ಲಿನ ಡೈನಮೋ ದೀಪ ಉರಿಸುವುದೂ ಇದೇ ತತ್ತ್ವದಿಂದ. ಆ ಪ್ರವಾಹವನ್ನು ಆಂಪ್ಲಿಫೈಯರಿಗೆ ಕೊಟ್ಟರೆ ಧ್ವನಿಪೆಟ್ಟಿಗೆಯಲ್ಲಿ ನಾದವಾಗುತ್ತದೆ.

ಇಂಥ ವಾದ್ಯವನ್ನು ಅಮೆರಿಕದಲ್ಲಿ 1931-32ರ ಸುಮಾರಿಗೆ ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಮಾರುಕಟ್ಟೆಗೆ ತಂದರು. ಬುರುಡೆ ಬೇಡವಾದ ಮೇಲೆ ಘನವಾದ ಮರದ ತುಂಡೇ ಸಾಕೆಂಬುದು ಹೊಳೆಯಿತು. 1940ರ ಸುಮಾರಿಗೆ ಲೆಸ್ ಪಾಲ್ ಎಂಬ ವಾದಕ ನಾಲ್ಕು ಅಂಗುಲ ಚೌಕದ ಪೈನ್ ತೊಲೆಗೆ ತಂತಿ ಕಟ್ಟಿ ನುಡಿಸಿ ತೋರಿಸಿದ. ಲಿಯೋ ಫೆಂಡರ್ 1950ರಿಂದ ಘನ ಮರದ ಗಿಟಾರುಗಳನ್ನು ಕಾರ್ಖಾನೆಯಲ್ಲಿ ಮಾಡತೊಡಗಿದ. ದಂಡಿಯನ್ನು ಬೇರೆಯಾಗಿ ಮಾಡಿ ಸ್ಕ್ರೂಗಳಿಂದ ದೇಹಕ್ಕೆ ಬಿಗಿಯುವ ಅವನ ಕ್ರಮವೇ ಮನೆಯಲ್ಲಿ ಮಾಡುವವರಿಗೂ ಅನುಕೂಲವಾಗಿದೆ. ದಂಡಿ ಕೆಟ್ಟರೆ ದಂಡಿಯನ್ನಷ್ಟೇ ಬದಲಾಯಿಸಬಹುದು.

ದಂಡಿ ಎಂಬ ಮಾತನ್ನು ವೀಣೆಯಿಂದ ತೆಗೆದುಕೊಂಡಿದ್ದೇನೆ. ಇಂಗ್ಲಿಷಿನವರು ನೆಕ್ ಎನ್ನುವುದು ಇದನ್ನೇ. ಹಾಗೆಯೇ ತಂತಿ ಬಿಗಿಯುವುದು ಬಿರಡೆ, ದೇಹದ ಮೇಲೆ ತಂತಿಯನ್ನು ಹೊರುವುದು ಕುದುರೆ, ಬೆರಳಿಡುವಲ್ಲಿ ಅಡ್ಡಲಾಗಿರುವ ಲೋಹದ ಪಟ್ಟಿಗಳು ಮೆಟ್ಟಿಲು. ದಂಡಿಯ ಮೇಲೆ ಅಂಟಿಸಿ ಮೆಟ್ಟಿಲುಗಳನ್ನು ಕೂರಿಸುವ ತೆಳು ಹಲಗೆಯನ್ನು ಬೆರಳುಹಲಗೆ ಎನ್ನೋಣ. ತಲೆಯ ಹತ್ತಿರ ತಂತಿಗಳು ಒರಗುವ ಸಣ್ಣ ಪಟ್ಟಿಗೆ ನಟ್ ಎನ್ನುತ್ತಾರೆ. ಬೋಲ್ಟಿನ ನಟ್ಟಿಗೂ ಇದಕ್ಕೂ ಸಂಬಂಧವಿಲ್ಲ.

ತಂದೆ, ಮಗ ಮತ್ತು ಎಂಟು ಪೌಂಡು

ಮನೆಯಲ್ಲಿ ಮಾಡಿದ ಗಿಟಾರುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಇಂಗ್ಲೆಂಡಿನದು. ಲಂಡನ್ನಿನ ಪಶ್ಚಿಮಕ್ಕಿರುವ ಫೆಲ್ಟಮ್ ಎಂಬ ಊರಿನಲ್ಲಿ ಬ್ರಯಾನ್ ಮೇ ಎಂಬ ಹುಡುಗ 1963ರಲ್ಲಿ, ತನ್ನ ಹದಿನಾರನೆಯ ವಯಸ್ಸಿನಲ್ಲಿ, ತಂದೆ ಹೆರಾಲ್ಡ್ ಮೇ ಅವರೊಂದಿಗೆ ಈ ಕೆಲಸಕ್ಕೆ ಕೈಹಾಕಿದ. ತಂದೆ ಎಲೆಕ್ಟ್ರಾನಿಕ್ಸ್ ಬಲ್ಲ ಎಂಜಿನಿಯರು. ಮನೆಗೆ ಬೇಕಾದುದನ್ನು ಕೈಯಾರೆ ಮಾಡಿಕೊಳ್ಳುವವರು. ಅಂಗಡಿಯ ಫೆಂಡರ್ ಗಿಟಾರು ಕೊಳ್ಳುವಷ್ಟು ಹಣ ಇರಲಿಲ್ಲ. ಎರಡು ವರ್ಷ ಕಾಲ ಕೈ ಉಪಕರಣಗಳಿಂದ ದುಡಿದು ಮುಗಿಸಿದ ಆ ವಾದ್ಯಕ್ಕೆ ತಗುಲಿದ ಖರ್ಚು ಸುಮಾರು ಎಂಟು ಪೌಂಡು. ಅದಕ್ಕೆ ರೆಡ್ ಸ್ಪೆಷಲ್ ಎಂದು ಹೆಸರಾಯಿತು.

ಅದರ ಸಾಮಾನುಗಳ ಪಟ್ಟಿಯನ್ನು ಓದಿದರೆ ನಮ್ಮ ಮನೆಗಳ ಅಟ್ಟವೇ ಕಣ್ಣಮುಂದೆ ಬರುತ್ತದೆ. ದಂಡಿಯ ಮರ, ನೂರು ವರ್ಷಕ್ಕೂ ಹಳೆಯದಾದ ಒಂದು ಅಗ್ಗಿಷ್ಟಿಕೆಯ ಮಹಾಗನಿ ಹಲಗೆ. ಅದರಲ್ಲಿ ಹುಳು ಕೊರೆದ ತೂತುಗಳಿದ್ದವು; ಅವುಗಳಿಗೆ ಬೆಂಕಿಕಡ್ಡಿ ತುಂಬಿ ಸಮ ಮಾಡಿದರು. ದೇಹಕ್ಕೆ ಹಳೆಯ ಮೇಜಿನ ಓಕ್ ಮರ ಮತ್ತು ಬ್ಲಾಕ್‌ಬೋರ್ಡ್ ಎಂಬ ಜೋಡಣೆಯ ಹಲಗೆ. ಮೇಲೆ ಮಹಾಗನಿಯ ತೆಳು ಹೊದಿಕೆ. ಬೆರಳುಹಲಗೆಯ ಗುರುತಿನ ಚುಕ್ಕೆಗಳು ತಾಯಿಯ ಹೊಲಿಗೆ ಡಬ್ಬಿಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು. ಸ್ವರವನ್ನು ಅಲುಗಿಸುವ ಸನ್ನೆಯ ಕೆಳಗೆ ಒಂದು ಹಳೆಯ ಪ್ಯಾಂಥರ್ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು. ಸನ್ನೆಯ ಹಿಡಿಕೆ ಸೈಕಲ್ಲಿನ ಚೀಲ ಹೊರುವ ಕಂಬಿ. ಅದರ ತುದಿಗೆ ಹೆಣಿಗೆ ಕಡ್ಡಿಯ ತುಂಡು. ಪಿಕಪ್ಪುಗಳನ್ನು ಕೂಡ ಮೊದಲು ಮನೆಯಲ್ಲಿಯೇ ಸುತ್ತಿದರು. ತಂತಿಯನ್ನು ಪಕ್ಕಕ್ಕೆ ಎಳೆದು ನುಡಿಸಿದಾಗ ಅವುಗಳಿಂದ ಕೊರಕಲು ಸದ್ದು ಬರುತ್ತಿದ್ದುದರಿಂದ, ಮುಂದೆ ಬರ್ನ್ಸ್ ಕಂಪನಿಯ ಟ್ರೈಸಾನಿಕ್ ಪಿಕಪ್ಪುಗಳನ್ನು ಕೊಂಡು ಹಾಕಿದರು. ಅಂದರೆ ಕೈಯಿಂದ ಆಗುವುದನ್ನು ಕೈಯಿಂದ ಮಾಡಿ, ಆಗದಿದ್ದುದನ್ನು ಅಂಗಡಿಯಿಂದ ತರುವ ವಿವೇಕವೂ ಅವರಿಗಿತ್ತು.

ಆ ಹುಡುಗ ಮುಂದೆ 1970ರಲ್ಲಿ ಕ್ವೀನ್ ಎಂಬ ತಂಡ ಕಟ್ಟಿದವರಲ್ಲಿ ಒಬ್ಬನಾದ. ಅದರ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ನಮ್ಮ ನೆರೆಯ ಮಹಾರಾಷ್ಟ್ರದ ಪಂಚಗಣಿಯ ಶಾಲೆಯಲ್ಲಿ ಓದಿದವನು. ಖಗೋಳಶಾಸ್ತ್ರದ ಡಾಕ್ಟರೇಟ್ ಅಭ್ಯಾಸವನ್ನು ನಡುವೆ ಬಿಟ್ಟು ಮಗ ಸಂಗೀತದ ಹಿಂದೆ ಹೋದದ್ದು ತಂದೆಗೆ ಒಪ್ಪಿಗೆಯಾಗಿರಲಿಲ್ಲ. ಗಿಟಾರು ಮಾಡಿಕೊಟ್ಟ ಕೈಗೇ ಆ ಗಿಟಾರಿನ ಫಲ ಕಹಿಯಾಯಿತು. ನ್ಯೂಯಾರ್ಕಿನಲ್ಲಿ ತುಂಬಿದ ಸಭೆಯ ನಡುವೆ ಮಗನ ವಾದನ ಕೇಳಿದ ಮೇಲೆ ಅವರ ಮನಸ್ಸು ತಿಳಿಯಾಯಿತು. ಮುಂದೆ ಹೆರಾಲ್ಡ್ ತೀರಿಕೊಂಡರು. 2002ರಲ್ಲಿ ಎಲಿಜಬೆತ್ ರಾಣಿಯ ಪಟ್ಟದ ಐವತ್ತನೆಯ ವರ್ಷದ ಉತ್ಸವದಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ಬ್ರಯಾನ್ ಮೇ ನುಡಿಸಿದ್ದು ಇದೇ ಅಗ್ಗಿಷ್ಟಿಕೆ ಮರದ ಗಿಟಾರನ್ನು. ಬಿಟ್ಟಿದ್ದ ಡಾಕ್ಟರೇಟನ್ನೂ ಆತ 2007ರಲ್ಲಿ ಪೂರೈಸಿದ. ತೋಟ ಬಿಟ್ಟು ಬೇರೆ ದಾರಿ ಹಿಡಿಯುವ ಮಕ್ಕಳಿರುವ ನಮ್ಮಂಥವರು ಈ ಭಾಗವನ್ನು ಎರಡು ಸಲ ಓದಬಹುದು.

ದಂಡಿಯೇ ಏಕೆ ಕಷ್ಟದ ಕೆಲಸ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಗಾದೆ. ಗಿಟಾರು ಮಾಡುವವನ ಚಿಂತೆ ಇದರ ತಲೆಕೆಳಗು: ಮರವಾದ ಮೇಲೂ, ಕೊಯ್ದು ಒಣಗಿಸಿದ ಮೇಲೂ ಅದು ಬಗ್ಗುತ್ತದೆ. ಸಾಧಾರಣ ದಪ್ಪದ ಆರು ತಂತಿಗಳನ್ನು ಶ್ರುತಿಗೆ ಬಿಗಿದಾಗ ಅವುಗಳ ಒಟ್ಟು ಎಳೆತ ಸುಮಾರು 40ರಿಂದ 45 ಕಿಲೋ. ಒಂದು ಚೀಲ ಚೆರಿ ಕಾಫಿಗೆ ಸ್ವಲ್ಪ ಕಡಿಮೆ. ಅಷ್ಟು ಭಾರವನ್ನು ಒಂದು ಅಂಗುಲಕ್ಕಿಂತ ತೆಳುವಾದ ಕೋಲು ಹಗಲೂ ರಾತ್ರಿ, ವರ್ಷಗಟ್ಟಲೆ ತಡೆಯಬೇಕು. ತಡೆಯುವಾಗ ಕೂದಲೆಳೆಯಷ್ಟಕ್ಕಿಂತ ಹೆಚ್ಚು ಬಾಗಕೂಡದು. ಬಾಗಿದರೆ ತಂತಿಗಳು ಬೆರಳುಹಲಗೆಯಿಂದ ಮೇಲೆದ್ದು ಒತ್ತಲು ಕಷ್ಟವಾಗುತ್ತವೆ. ಒತ್ತಿದರೂ ಸ್ವರ ತಪ್ಪುತ್ತದೆ. ಹಿಂದಕ್ಕೆ ಬಾಗಿದರೆ ತಂತಿ ಮೆಟ್ಟಿಲುಗಳಿಗೆ ಬಡಿದು ಜುಯ್ಯೆನ್ನುತ್ತದೆ.

ಇದಕ್ಕೆ ಪರಿಹಾರವಾಗಿ 1920ರ ದಶಕದ ಆರಂಭದಲ್ಲಿ ಅಮೆರಿಕದ ಗಿಬ್ಸನ್ ಕಂಪನಿಯವರು ದಂಡಿಯೊಳಗೆ ಉಕ್ಕಿನ ಸಲಾಕೆ ಹುದುಗಿಸುವ ಕ್ರಮ ತಂದರು. ಅದರ ತುದಿಯ ನಟ್ಟನ್ನು ತಿರುಗಿಸಿದರೆ ತಂತಿಯ ಎಳೆತಕ್ಕೆ ಎದುರಾಗಿ ದಂಡಿ ಹಿಂದಕ್ಕೆ ಬಿಗಿದುಕೊಳ್ಳುತ್ತದೆ. ಇಂದಿಗೂ ಉಕ್ಕಿನ ತಂತಿಯ ಗಿಟಾರುಗಳಲ್ಲಿ ಬಹುಮಟ್ಟಿಗೆ ಎಲ್ಲದರಲ್ಲಿಯೂ ಈ ಸಲಾಕೆ ಇದೆ. ಆದರೆ ಸಲಾಕೆ ಇದೆಯೆಂದು ಹಸಿ ಮರವನ್ನೋ ಓರೆ ಎಳೆಯ ಮರವನ್ನೋ ಹಾಕಿದರೆ ಕೆಲಸ ನಡೆಯದು. ನೇರವಾಗಿ ಬಾಗುವುದನ್ನು ಸಲಾಕೆ ತಿದ್ದಬಲ್ಲುದು. ಹಗ್ಗ ಹೊಸೆದಂತೆ ತಿರುಚಿಕೊಳ್ಳುವುದನ್ನು ತಿದ್ದಲಾರದು.

ಮರದ ಆಯ್ಕೆ

ಕೊಡಲಿ ಕಾವಿಗೆ ಮರ ಆರಿಸಬಲ್ಲವನು ಗಿಟಾರಿನ ದಂಡಿಗೂ ಆರಿಸಬಲ್ಲ. ನೋಡಬೇಕಾದದ್ದು ಮೂರು ಅಂಶಗಳು.

ಮೊದಲನೆಯದು ಎಳೆ. ಮರದ ಎಳೆಗಳು ಈ ತುದಿಯಿಂದ ಆ ತುದಿಗೆ ನೇರವಾಗಿ ಓಡಬೇಕು. ಮೇಲಿನ ಮುಖ ಮಾತ್ರ ನೋಡಿದರೆ ಸಾಲದು, ಪಕ್ಕದ ಮುಖವನ್ನೂ ನೋಡಬೇಕು. ಅದೇ ಮರದಿಂದ ಬಿದ್ದ ಒಂದು ತುಂಡನ್ನು ಕತ್ತಿಯಿಂದ ಸೀಳಿ ನೋಡುವುದು ಖಚಿತವಾದ ಪರೀಕ್ಷೆ. ಸೀಳು ನೇರವಾಗಿ ಹೋದರೆ ಮರ ಒಳ್ಳೆಯದು. ಓರೆಯಾಗಿ ಪಕ್ಕದಿಂದ ಹೊರಬಿದ್ದರೆ ಅದನ್ನು ಬೇರೆ ಕೆಲಸಕ್ಕೆ ಇಡಿ. ಗಂಟಿರುವ ಭಾಗವನ್ನು ಮುಟ್ಟಲೇಬೇಡಿ.

ಎರಡನೆಯದು ಕೊಯ್ದ ರೀತಿ. ದಿಮ್ಮಿಯ ತುದಿಯಲ್ಲಿ ಕಾಣುವ ವರ್ಷದ ಉಂಗುರಗಳು ಹಲಗೆಯ ಅಗಲಕ್ಕೆ ಲಂಬವಾಗಿ, ಪುಸ್ತಕದ ಹಾಳೆಗಳು ನಿಂತಂತೆ ನಿಂತಿರಬೇಕು. ಹೀಗೆ ಕೊಯ್ದ ಹಲಗೆ ಹವೆಯ ಏರಿಳಿತಕ್ಕೆ ಬಟ್ಟಲಿನಂತೆ ಬಾಗುವುದಿಲ್ಲ. ಸಾ ಮಿಲ್ಲಿನಲ್ಲಿ ದಿಮ್ಮಿಯನ್ನು ಒಂದೇ ಸಮನೆ ಸೀಳಿಕೊಂಡು ಹೋದರೆ ನಡುವಿನ ಕೆಲವು ಹಲಗೆಗಳು ಮಾತ್ರ ಹೀಗೆ ಬರುತ್ತವೆ. ಅವುಗಳನ್ನು ಗುರುತಿಟ್ಟು ಬೇರೆ ತೆಗೆದಿಡುವುದು ಜಾಣತನ.

ಮೂರನೆಯದು ಒಣಗುವಿಕೆ. ನೆರಳಿನಲ್ಲಿ, ಗಾಳಿಯಾಡುವಲ್ಲಿ, ಹಲಗೆಗಳ ನಡುವೆ ರಿಪೀಸು ಕೊಟ್ಟು ಪೇರಿಸಿದರೆ ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಆಚಾರಿಗಳ ಲೆಕ್ಕ. ದಂಡಿಯ ಮರದಲ್ಲಿ ತೇವಾಂಶ ಶೇಕಡಾ 8ರಿಂದ 12ರೊಳಗೆ ಇರುವುದು ಲೇಸು. ಪಾರ್ಚ್‌ಮೆಂಟ್ ಕಾಫಿಯನ್ನು ನಾವು ಶೇಕಡಾ 10ಕ್ಕೆ ಒಣಗಿಸುವುದನ್ನು ನೆನೆದರೆ ಅಂದಾಜು ಸಿಗುತ್ತದೆ. ಮಾಪಕವಿಲ್ಲದವರು ತುಂಡನ್ನು ವಾರಕ್ಕೊಮ್ಮೆ ತೂಗಿ ಬರೆದಿಡಿ. ಒಂದು ತಿಂಗಳ ಕಾಲ ತೂಕ ಬದಲಾಗದಿದ್ದರೆ ಮರ ಆ ಜಾಗದ ಹವೆಗೆ ಹೊಂದಿಕೊಂಡಿತೆಂದು ತಿಳಿಯಿರಿ. ಮಳೆಗಾಲದ ತೂಕವನ್ನು ನಂಬಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಒಣಗಿದ ಮರವೂ ನೀರು ಕುಡಿಯುತ್ತದೆ. ಕಾಫಿ ಕೊಯ್ಲು ಮುಗಿದ ನಂತರದ ಫೆಬ್ರವರಿ, ಮಾರ್ಚ್ ತಿಂಗಳುಗಳು ಈ ಕೆಲಸಕ್ಕೆ ಪ್ರಶಸ್ತ.

ಹಳೆಯ ಮನೆ ಬಿಚ್ಚಿದಾಗ ಸಿಗುವ ಬಾಗಿಲ ಚೌಕಟ್ಟು, ತೊಲೆ, ಮಂಚದ ಪಟ್ಟಿ ಇವುಗಳ ಬೆಲೆ ಇಲ್ಲಿ ತಿಳಿಯುತ್ತದೆ. ಐವತ್ತು ನೂರು ಮಳೆಗಾಲ ಕಂಡು, ಬಾಗುವುದನ್ನೆಲ್ಲ ಬಾಗಿ ಮುಗಿಸಿದ ಮರ ಅದು. ಫೆಲ್ಟಮ್ಮಿನ ತಂದೆ ಮಗ ಅಗ್ಗಿಷ್ಟಿಕೆಯ ಹಲಗೆಯಲ್ಲಿ ಪಡೆದದ್ದು ಇದನ್ನೇ. ನಮ್ಮಲ್ಲಿ ಹಳೆಯ ತೇಗ ದಂಡಿಗೆ ಆಗಿಬರುತ್ತದೆ. ಆದರೆ ಅದರಲ್ಲಿ ಎಣ್ಣೆಯ ಅಂಶವಿರುವುದರಿಂದ ಅಂಟು ಹಚ್ಚುವ ಮುನ್ನ ಮುಖವನ್ನು ಹೊಸದಾಗಿ ಹತ್ತರಿ ಹೊಡೆದು, ಸ್ಪಿರಿಟ್ಟಿನಿಂದ ಒರೆಸಿ, ಕೂಡಲೇ ಅಂಟಿಸತಕ್ಕದ್ದು. ಹಲಸಿನ ಮರ ವೀಣೆಗೂ ತಂಬೂರಿಗೂ ಪ್ರಸಿದ್ಧ; ನೇರ ಎಳೆಯ ಹಳೆಯ ಹಲಸು ಸಿಕ್ಕರೆ ಬಿಡಬೇಡಿ. ಸಿಲ್ವರ್ ಓಕ್ ನೋಡಲು ಚೆಂದ, ದಂಡಿಗೆ ಮೃದು. ಅಡಿಕೆ ದಬ್ಬೆ ಆದೀತೇ ಎಂದು ಕೇಳುವವರಿದ್ದರೆ, ಆಗದು. ಹೊರಗೆ ಗಟ್ಟಿ, ಒಳಗೆ ನಾರು. ಸ್ಕ್ರೂ ಹಿಡಿಯುವುದಿಲ್ಲ, ದುಂಡಗೆ ಕೆತ್ತಲು ಬರುವುದಿಲ್ಲ.

ಕೆತ್ತುವ ಕ್ರಮ

ಸುಮಾರು 30 ಅಂಗುಲ ಉದ್ದ, 3 ಅಂಗುಲ ಅಗಲ, 1 ಅಂಗುಲ ದಪ್ಪದ ತುಂಡು ಸಾಕು. ಅದರ ಎರಡೂ ಮುಖಗಳಿಗೆ ಹತ್ತರಿ ಹೊಡೆದು ಒಂದು ವಾರ ಬಿಡಿ. ಬಾಗುವುದಿದ್ದರೆ ಈಗಲೇ ಬಾಗಲಿ. ಆಮೇಲೆ ಮತ್ತೊಮ್ಮೆ ಮಟ್ಟ ಮಾಡಿ, ನಟ್ಟನಡುವೆ ಚೂಪಾದ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ಮುಂದಿನ ಎಲ್ಲ ಅಳತೆಯೂ ಈ ಗೆರೆಯಿಂದಲೇ. ಆದ್ದರಿಂದ ಕೊನೆಯವರೆಗೂ ಅದನ್ನು ಅಳಿಸಬಾರದು.

ತಲೆಯ ಭಾಗ ಸ್ವಲ್ಪ ಹಿಂದಕ್ಕೆ ವಾಲಿದ್ದರೆ ತಂತಿಗಳು ನಟ್ಟಿನ ಮೇಲೆ ಒತ್ತಿ ಕೂರುತ್ತವೆ. ಈ ವಾಲನ್ನು ಒಂದೇ ದಪ್ಪ ಮರದಿಂದ ಕೆತ್ತಿದರೆ ತಲೆಯ ಬುಡದಲ್ಲಿ ಎಳೆಗಳು ತುಂಡಾಗಿ, ಕೆಳಗೆ ಬಿದ್ದ ದಿನ ಅಲ್ಲಿಯೇ ಮುರಿಯುತ್ತದೆ. ಅದರ ಬದಲು ತುಂಡಿನ ಒಂದು ತುದಿಯನ್ನು ಉದ್ದಕ್ಕೆ ಓರೆಯಾಗಿ ಕೊಯ್ದು, ಆ ತುಣುಕನ್ನು ತಿರುವಿಹಾಕಿ ಹಿಂಬದಿಗೆ ಅಂಟಿಸುವುದು ಲೇಸು. ಹೀಗೆ ಮಾಡಿದರೆ ತಲೆಯಲ್ಲಿಯೂ ಎಳೆ ನೇರವಾಗಿ ಓಡುತ್ತದೆ, ಮರವೂ ಉಳಿಯುತ್ತದೆ. ಹಿಂದೆ ಸರೇಸು ಕಾಯಿಸಿ ಹಚ್ಚುತ್ತಿದ್ದರು. ಈಗ ಮರಗೆಲಸದ ಬಿಳಿ ಅಂಟು ಸಾಕು. ಬಿಗಿಹಿಡಿಗಳನ್ನು ಒಂದು ಇಡೀ ದಿನ ಬಿಚ್ಚಬೇಡಿ.

ಉಕ್ಕಿನ ಸಲಾಕೆಗೆ ಮೇಲ್ಮುಖದ ನಡುಗೆರೆಯ ಮೇಲೆಯೇ ಕಾಲುವೆ ತೆಗೆಯಬೇಕು. ಪಟ್ಟಿಯೊಂದನ್ನು ಆಧಾರವಾಗಿ ಬಿಗಿದುಕೊಂಡು ಕಿರಿಯ ಉಳಿಯಿಂದ ನಿಧಾನವಾಗಿ ತೆಗೆದರೆ ಯಂತ್ರವಿಲ್ಲದೆಯೂ ಆಗುತ್ತದೆ. ಸಿದ್ಧ ಸಲಾಕೆಗಳು ಗಿಟಾರು ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಸಲಾಕೆ ಕಾಲುವೆಯಲ್ಲಿ ಅಲುಗಾಡದಂತೆ ಕೂರಬೇಕು. ಸಡಿಲವಿದ್ದರೆ ನುಡಿಸುವಾಗ ಗಲಗಲ ಸದ್ದು ಬರುತ್ತದೆ. ಅದರ ಮೇಲೆ ಬೆರಳುಹಲಗೆಯನ್ನು ಅಂಟಿಸಿ, ಎರಡೂ ಪಕ್ಕಗಳನ್ನು ಅಳತೆಗೆ ತನ್ನಿ. ನಟ್ಟಿನ ಹತ್ತಿರ ಅಗಲ ಸುಮಾರು 43 ಮಿಲಿಮೀಟರ್, ಹನ್ನೆರಡನೆಯ ಮೆಟ್ಟಿಲಿನ ಹತ್ತಿರ ಸುಮಾರು 52.

ಇನ್ನು ಹಿಂಬದಿಯನ್ನು ದುಂಡಗೆ ಮಾಡುವ ಕೆಲಸ. ಕೈತುಂಬ ಮರ ಕಂಡೊಡನೆ ಉಳಿ ಹಿಡಿದು ಅಲ್ಲಿಷ್ಟು ಇಲ್ಲಿಷ್ಟು ತೆಗೆಯುವುದು ಸಲ್ಲದು. ಕ್ರಮ ಹೀಗಿದೆ:

1. ರಟ್ಟಿನಲ್ಲಿ ಎರಡು ಅಚ್ಚುಗಳನ್ನು ಕತ್ತರಿಸಿಕೊಳ್ಳಿ. ಒಂದು ಮೊದಲನೆಯ ಮೆಟ್ಟಿಲಿನ ಜಾಗಕ್ಕೆ, ಬೆರಳುಹಲಗೆಯೂ ಸೇರಿ ದಪ್ಪ ಸುಮಾರು 21 ಮಿಲಿಮೀಟರ್. ಇನ್ನೊಂದು ಹನ್ನೆರಡನೆಯ ಮೆಟ್ಟಿಲಿಗೆ, ಸುಮಾರು 23. ಈಗಾಗಲೇ ನುಡಿಸುವ ಯಾವುದಾದರೂ ಗಿಟಾರು ಕೈಗೆ ಹಿತವಾಗಿದ್ದರೆ ಅದರಿಂದಲೇ ಅಚ್ಚು ತೆಗೆಯಿರಿ.

2. ಆ ಎರಡು ಜಾಗಗಳಲ್ಲಿ ಮಾತ್ರ, ಒಂದೊಂದು ಅಂಗುಲ ಅಗಲಕ್ಕೆ, ಮರದ ಅರದಿಂದ ಉಜ್ಜಿ ಅಚ್ಚಿಗೆ ಸರಿಯಾಗಿ ದುಂಡಗೆ ಮಾಡಿ. ಇವು ತೋಟದಲ್ಲಿ ಹಗ್ಗ ಕಟ್ಟಲು ನೆಟ್ಟ ಎರಡು ಗೂಟಗಳಿದ್ದಂತೆ.

3. ಇವೆರಡರ ನಡುವಿನ ಉದ್ದವನ್ನು ಮೊದಲು ದುಂಡಗೆ ಮಾಡಬೇಡಿ. ಎರಡೂ ಅಂಚುಗಳನ್ನು ಓರೆಯಾಗಿ ಕೆತ್ತಿ ಚಪ್ಪಟೆ ಮುಖಗಳನ್ನು ಮಾಡಿ. ಆ ಮುಖಗಳ ಅಂಚನ್ನು ಮತ್ತೆ ಕೆತ್ತಿ ಇನ್ನೂ ಚಿಕ್ಕ ಮುಖಗಳನ್ನು ಮಾಡಿ. ಚಪ್ಪಟೆ ಮುಖವಾದರೆ ಮಟ್ಟಗೋಲು ಇಟ್ಟು ನೋಡಬಹುದು. ಉಬ್ಬು ತಗ್ಗು ಕೂಡಲೇ ಕಾಣುತ್ತದೆ.

4. ಮುಖಗಳೆಲ್ಲ ಚಿಕ್ಕದಾದ ಮೇಲೆ ಅರದಿಂದ, ಕೊನೆಗೆ ಸ್ಯಾಂಡ್ ಪೇಪರಿನಿಂದ ದುಂಡಗೆ ಮಾಡಿ. ಸ್ಯಾಂಡ್ ಪೇಪರನ್ನು ಉದ್ದ ಪಟ್ಟಿ ಮಾಡಿ, ಚಪ್ಪಲಿಗೆ ಪಾಲಿಶ್ ಹಾಕಿ ಬಟ್ಟೆಯಿಂದ ಎಳೆದಂತೆ ಎರಡೂ ಕೈಯಿಂದ ಎಳೆಯಿರಿ.

5. ಕೊನೆಯ ಪರೀಕ್ಷೆ ಕಣ್ಣು ಮುಚ್ಚಿ. ಕೈಯನ್ನು ಮೇಲಿಂದ ಕೆಳಗೆ ಸರಿಸಿದಾಗ ಎಲ್ಲಿಯೂ ಬೆರಳು ನಿಲ್ಲಬಾರದು. ಕಣ್ಣಿಗೆ ಕಾಣದ ಉಬ್ಬು ಅಂಗೈಗೆ ತಿಳಿಯುತ್ತದೆ.

ಎಳೆಯ ವಿರುದ್ಧ ಉಳಿ ಓಡಿಸಿದರೆ ಮರ ಚಕ್ಕೆಯೇಳುತ್ತದೆ. ಅಂಥಲ್ಲಿ ದಿಕ್ಕು ಬದಲಿಸಿ. ಪ್ರತಿದಿನ ಒಂದು ಗಂಟೆಗಿಂತ ಹೆಚ್ಚು ತೆಗೆಯದೆ, ಮಾರನೆಯ ದಿನ ಮತ್ತೆ ಮಟ್ಟ ನೋಡುವ ಅಭ್ಯಾಸ ಒಳ್ಳೆಯದು. ತೆಗೆದ ಮರವನ್ನು ಮತ್ತೆ ಅಂಟಿಸಲಾಗದು. ಕೊನೆಗೆ ಅರಗಿನ ಪಾಲಿಶನ್ನಾಗಲಿ ಬೇರೆ ವಾರ್ನಿಶನ್ನಾಗಲಿ ದಂಡಿಯ ಎಲ್ಲ ಕಡೆಗೂ ಸಮನಾಗಿ ಹಚ್ಚಬೇಕು. ಒಂದು ಕಡೆ ಬಿಟ್ಟರೆ ಮಳೆಗಾಲದಲ್ಲಿ ತೇವ ಅಲ್ಲಿಂದಲೇ ಒಳಹೋಗುತ್ತದೆ.

ಮೆಟ್ಟಿಲುಗಳ ಲೆಕ್ಕ

ವೀಣೆಗೆ ಇಪ್ಪತ್ನಾಲ್ಕು ಮೆಟ್ಟಿಲು. ರೆಡ್ ಸ್ಪೆಷಲ್ ಗಿಟಾರಿಗೂ ಇಪ್ಪತ್ನಾಲ್ಕೇ. ವ್ಯತ್ಯಾಸವೆಂದರೆ, ವೀಣೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕಿವಿಯಿಂದ ಕೇಳಿ ಕೂರಿಸುತ್ತಾರೆ, ಸರಿಯಿಲ್ಲದಿದ್ದರೆ ಸರಿಸಬಹುದು. ಗಿಟಾರಿನಲ್ಲಿ ಮರವನ್ನು ಗರಗಸದಿಂದ ಸೀಳಿ ಲೋಹದ ಪಟ್ಟಿಯನ್ನು ಬಡಿದು ಕೂರಿಸುವುದರಿಂದ ಮತ್ತೆ ಸರಿಸುವ ಪ್ರಶ್ನೆಯಿಲ್ಲ. ಆದ್ದರಿಂದ ಲೆಕ್ಕ ಮೊದಲು, ಗರಗಸ ಆಮೇಲೆ.

ಲೆಕ್ಕ ಸುಲಭ. ನಟ್ಟಿನಿಂದ ಕುದುರೆಯವರೆಗಿನ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲನೆಯ ಮೆಟ್ಟಿಲಿನ ದೂರ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಅಲ್ಲಿಂದ ಎರಡನೆಯದರ ದೂರ. ಹೀಗೆಯೇ ಮುಂದಕ್ಕೆ. ರೆಡ್ ಸ್ಪೆಷಲ್‌ನ ತಂತಿಯ ಉದ್ದ 24 ಅಂಗುಲ, ಅಂದರೆ 609.6 ಮಿಲಿಮೀಟರ್. ಅದಕ್ಕೆ ನಟ್ಟಿನಿಂದ ದೂರಗಳು ಹೀಗೆ ಬರುತ್ತವೆ: ಮೊದಲನೆಯ ಮೆಟ್ಟಿಲು 34.2 ಮಿಲಿಮೀಟರ್, ಎರಡನೆಯದು 66.5, ಮೂರನೆಯದು 97.0, ನಾಲ್ಕನೆಯದು 125.8, ಐದನೆಯದು 152.9, ಏಳನೆಯದು 202.7. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 304.8ಕ್ಕೆ ಬಂದರೆ ಲೆಕ್ಕ ಸರಿಯಿದೆಯೆಂದು ತಾಳೆ ನೋಡಬಹುದು. ಇಪ್ಪತ್ನಾಲ್ಕನೆಯದು ಮುಕ್ಕಾಲಿಗೆ, 457.2ಕ್ಕೆ.

ಗುರುತು ಹಾಕುವಾಗ ಪ್ರತಿಯೊಂದನ್ನೂ ನಟ್ಟಿನಿಂದಲೇ ಅಳೆಯಬೇಕು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಅಳೆಯುತ್ತ ಹೋದರೆ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡಿ ಕೊನೆಯಲ್ಲಿ ದೊಡ್ಡದಾಗುತ್ತವೆ. ಗಿಡದ ಗುಂಡಿಗಳಿಗೆ ಸರಪಣಿ ಹಿಡಿದು ಗುರುತು ಹಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿದ್ಯುತ್ತಿನ ಬಗ್ಗೆ ಒಂದು ಎಚ್ಚರಿಕೆ. ಗಿಟಾರಿನಲ್ಲಿ ಹುಟ್ಟುವ ಪ್ರವಾಹ ಅತ್ಯಲ್ಪ, ಅಪಾಯವಿಲ್ಲ. ಅಪಾಯವಿರುವುದು ಆಂಪ್ಲಿಫೈಯರಿನಲ್ಲಿ. ತಂತಿಗಳು ಆಂಪ್ಲಿಫೈಯರಿನ ಭೂಸಂಪರ್ಕಕ್ಕೆ ಸೇರಿರುವುದರಿಂದ, ಮನೆಯ ಅರ್ಥಿಂಗ್ ಕೆಟ್ಟಿದ್ದರೆ ಶಾಕು ನೇರ ಬೆರಳಿಗೆ ಬರಬಹುದು. ಮೂರು ಕಡ್ಡಿಯ ಪ್ಲಗ್ಗನ್ನೇ ಬಳಸಿ, ಅರ್ಥಿಂಗನ್ನು ಎಲೆಕ್ಟ್ರಿಷಿಯನ್ನನಿಂದ ಪರೀಕ್ಷಿಸಿ. ಗುಡುಗು ಸಿಡಿಲಿನ ಸಂಜೆ ಪ್ಲಗ್ ಕಿತ್ತಿಡಿ.

ಬೀಟೆ ಮತ್ತು ನಾವು

ಬೆರಳುಹಲಗೆಗೆ ಬೇಕಾದದ್ದು ಗಡಸಾದ, ಬೆವರಿಗೆ ಜಗ್ಗದ, ಲೋಹದ ಮೆಟ್ಟಿಲನ್ನು ಬಿಗಿಯಾಗಿ ಹಿಡಿಯುವ ಮರ. ಮೊದಲು ಇದಕ್ಕೆ ಬ್ರೆಜಿಲ್ ದೇಶದ ಬೀಟೆ ಜಾತಿಯ ಮರ ಹೆಸರಾಗಿತ್ತು. ಅದು ದುರ್ಲಭವಾದಂತೆ 1960ರ ದಶಕದಲ್ಲಿ ಗಿಟಾರು ತಯಾರಕರು ನಮ್ಮ ಬೀಟೆಯತ್ತ ತಿರುಗಿದರು. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ತನ್ನ ಮಾಮೂಲು ಗಿಟಾರುಗಳಿಗೆ ಭಾರತದ ಬೀಟೆ ಹಾಕತೊಡಗಿತು. ಬ್ರೆಜಿಲ್‌ನ ಮರದ ವ್ಯಾಪಾರಕ್ಕೆ 1992ರಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ ಅತ್ಯಂತ ಕಠಿಣ ನಿರ್ಬಂಧ ಬಂತು. 2017ರ ಜನವರಿಯಿಂದ ಬೀಟೆಯ ಕುಲದ ಉಳಿದ ಎಲ್ಲ ಮರಗಳೂ ಅದೇ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿ, ಗಡಿ ದಾಟಲು ಅನುಮತಿ ಪತ್ರ ಬೇಕಾಯಿತು. 2019ರಲ್ಲಿ ತಯಾರಾದ ಸಂಗೀತ ವಾದ್ಯಗಳಿಗೆ ಮಾತ್ರ ಇದರಿಂದ ವಿನಾಯಿತಿ ದೊರಕಿತು.

ನಮ್ಮ ಮಟ್ಟಿಗೆ, ಬೀಟೆಗೆ ಕೊಡಲಿ ಇಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದು, ಮರದ ಹಕ್ಕು ಜಮೀನಿನ ವರ್ಗವನ್ನು ಅವಲಂಬಿಸಿದೆಯೆಂಬುದು ಸದಸ್ಯರಿಗೆಲ್ಲ ತಿಳಿದದ್ದೇ. ಗಿಟಾರಿಗಾಗಿ ಮರ ಕಡಿಯಿರಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕಡಿಯುವ ಅಗತ್ಯವೂ ಇಲ್ಲ. ಒಂದು ಬೆರಳುಹಲಗೆಗೆ ಬೇಕಾದದ್ದು 20 ಅಂಗುಲ ಉದ್ದ, ಎರಡು ಮುಕ್ಕಾಲು ಅಂಗುಲ ಅಗಲ, ಕಾಲಂಗುಲಕ್ಕಿಂತ ಸ್ವಲ್ಪ ಹೆಚ್ಚು ದಪ್ಪದ ಪಟ್ಟಿ. ಮುರಿದ ಮಂಚದ ಒಂದು ಪಟ್ಟಿಯಲ್ಲಿ ಅಷ್ಟು ಸಿಗುತ್ತದೆ. ಕೊಯ್ಯುವಾಗ ಮಾತ್ರ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಬೀಟೆಯ ಪುಡಿ ಕೆಲವರಿಗೆ ಚರ್ಮದಲ್ಲಿ ತುರಿಕೆಯನ್ನೂ ಉಸಿರಾಟದ ತೊಂದರೆಯನ್ನೂ ತರುತ್ತದೆ.

ಇದೇ ಲೆಕ್ಕವನ್ನು ಮುಂದುವರಿಸಿ ನೋಡಿ. ಒಂದು ಘನ ಅಡಿ ಮರದಲ್ಲಿ ಇಂಥ ನೂರು ಪಟ್ಟಿಗಳ ಗಾತ್ರವಿದೆ. ಗರಗಸಕ್ಕೆ ಹೋಗುವುದನ್ನೂ ಚಕ್ಕೆಯಾಗುವುದನ್ನೂ ಕಳೆದರೂ ಐವತ್ತರ ಸುಮಾರು ಪಟ್ಟಿ ಉಳಿಯಬಹುದು. ಆದರೆ ಈ ಲೆಕ್ಕ ನಿಲ್ಲುವುದು ಎಳೆ ನೇರವಾಗಿ, ಗಂಟಿಲ್ಲದೆ, ಸರಿಯಾದ ಮುಖದಲ್ಲಿ ಕೊಯ್ದು ಒಣಗಿಸಿದ ಮರಕ್ಕೆ ಮಾತ್ರ. ಕಾನೂನು ಪ್ರಕಾರ ವಿಲೇವಾರಿ ಮಾಡಬೇಕಾದ ಬಿದ್ದ ಮರವಿರಲಿ, ಮನೆ ಬಿಚ್ಚಿದಾಗ ಬಂದ ತೊಲೆಯಿರಲಿ, ಮರದ ವ್ಯಾಪಾರಿ ಬಂದು ಒಟ್ಟಾರೆ ಒಂದು ಬೆಲೆ ಹೇಳಿದಾಗ, ಅವನು ಯಾವ ತುಂಡನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಾನೆಂಬುದನ್ನು ಗಮನಿಸಿ. ತುದಿಯ ಉಂಗುರ, ಪಕ್ಕದ ಎಳೆ ಇವೆರಡನ್ನು ನಾವೂ ಓದಲು ಕಲಿತರೆ, ಒಳ್ಳೆಯ ತುಂಡುಗಳು ಸೌದೆಯ ಜೊತೆಗೆ ಲಾರಿ ಹತ್ತುವುದು ತಪ್ಪುತ್ತದೆ.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಹಳೆಯ ಮರವನ್ನು ಒಲೆಗೆ ಹಾಕುವ ಮುನ್ನ ಒಂದು ತುಂಡಿಗೆ ಹತ್ತರಿ ಹೊಡೆದು ಎಳೆ ನೋಡಿ. ನೇರವಾಗಿದ್ದರೆ ಅಟ್ಟದ ಮೇಲೆ ಗಾಳಿಯಾಡುವಲ್ಲಿ ಇಡಿ. ಮನೆಯ ಮಕ್ಕಳು ಗಿಟಾರು ಕೇಳಿದರೆ ಬೇಡವೆನ್ನುವ ಮೊದಲು ಆ ತುಂಡನ್ನು ತೆಗೆದುಕೊಡಿ, ಜೊತೆಗೆ ಕುಳಿತು ಒಂದು ಗೆರೆ ಎಳೆದುಕೊಡಿ. ಎರಡು ವರ್ಷ ಬೇಕಾದೀತು. ಫೆಲ್ಟಮ್ಮಿನಲ್ಲಿಯೂ ಅಷ್ಟೇ ಬೇಕಾಯಿತು.

— ಕಾರ್ಯದರ್ಶಿ